ರಾಜಧನದ ಇಪ್ಪತ್ತೆರಡು ವರ್ಷ

1947ರ ಡಿಸೆಂಬರ್ 14. ಒರಿಸ್ಸಾದ ಸಣ್ಣಪುಟ್ಟ ಸಂಸ್ಥಾನಗಳ ದೊರೆಗಳು ಕಟಕ್ ನಗರದಲ್ಲಿ ಸರ್ದಾರ್ ಪಟೇಲರ ಎದುರು ಕುಳಿತಿದ್ದರು. ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮೊದಲು ದೇಶದ ದೊರೆಗಳು ರಕ್ಷಣೆ, ವಿದೇಶಾಂಗ ಮತ್ತು ಸಂಪರ್ಕ, ಈ ಮೂರನ್ನಷ್ಟೇ ದಿಲ್ಲಿಗೆ ಒಪ್ಪಿಸಿ ಸಹಿ ಹಾಕಿದ್ದರು. ಉಳಿದ ಆಳ್ವಿಕೆ ತಮ್ಮದೇ ಎಂದು ನಂಬಿದ್ದರು. ಈಗ ಪಟೇಲರು ಕೇಳುತ್ತಿದ್ದುದು ಆ ಉಳಿದದ್ದನ್ನು: ಕಂದಾಯ, ಪೊಲೀಸು, ಕೋರ್ಟು, ಖಜಾನೆ ಸಮೇತ ಇಡೀ ಸಂಸ್ಥಾನವನ್ನು. ಬಿಟ್ಟುಕೊಟ್ಟರೆ ನಮ್ಮ ಗತಿಯೇನು ಎಂದು ದೊರೆಗಳು ಕೇಳಿದರು. ಅದಕ್ಕೆ ಉತ್ತರ ಪಟೇಲರ ಬಲಗೈಯಂತಿದ್ದ ಕಾರ್ಯದರ್ಶಿ ವಿ.ಪಿ. ಮೆನನ್ ಅವರ ಬಳಿ ಸಿದ್ಧವಾಗಿತ್ತು.

ಉತ್ತರ ಒಂದು ಲೆಕ್ಕದ ರೂಪದಲ್ಲಿತ್ತು. ಸಂಸ್ಥಾನದ ವಾರ್ಷಿಕ ಆದಾಯದ ಮೊದಲ 1 ಲಕ್ಷ ರೂಪಾಯಿಗೆ ಶೇ 15, ಮುಂದಿನ 4 ಲಕ್ಷಕ್ಕೆ ಶೇ 10, ಅದರ ಮೇಲಿನದಕ್ಕೆಲ್ಲ ಶೇ 7.5. ಒಟ್ಟು ಮೊತ್ತ 10 ಲಕ್ಷ ದಾಟುವಂತಿಲ್ಲ. ವರ್ಷಕ್ಕೆ 10 ಲಕ್ಷ ಹುಟ್ಟುವಳಿಯಿದ್ದ ಒಂದು ಸಂಸ್ಥಾನವನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಮೊದಲ ಹಂತಕ್ಕೆ 15,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 37,500; ಕೂಡಿದರೆ 92,500 ರೂಪಾಯಿ. ಆದಾಯದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಬೊಕ್ಕಸ ಯಾವುದು, ಸ್ವಂತ ಜೇಬು ಯಾವುದು ಎಂಬ ಗೆರೆಯೇ ಇಲ್ಲದೆ ಬದುಕಿದ್ದ ಮನೆತನಗಳಿಗೆ ಇದು ದೊಡ್ಡ ಇಳಿತ. ಆದರೂ ಒಪ್ಪಿದರು. ಪ್ರಜಾಮಂಡಲಗಳ ಚಳವಳಿ ಅರಮನೆಯ ಬಾಗಿಲಿಗೆ ಬಂದಿತ್ತು, ಬ್ರಿಟಿಷರ ಆಸರೆ ಹೋಗಿತ್ತು. ವರ್ಷ ವರ್ಷ ಬರುವ, ತೆರಿಗೆಯಿಲ್ಲದ, ಮಕ್ಕಳ ಕಾಲಕ್ಕೂ ಮುಂದುವರಿಯುವ ಹಣದ ಭರವಸೆ ಆ ಹೊತ್ತಿನಲ್ಲಿ ಸಣ್ಣದೇನೂ ಆಗಿರಲಿಲ್ಲ. ಮರುದಿನ ಪಟೇಲರೂ ಮೆನನ್ನರೂ ನಾಗಪುರಕ್ಕೆ ಹೋಗಿ ಛತ್ತೀಸಗಡದ ದೊರೆಗಳ ಮುಂದೆ ಅದೇ ಕಾಗದವನ್ನಿಟ್ಟರು. ಈ ಹಣಕ್ಕೆ ಇಂಗ್ಲಿಷಿನಲ್ಲಿ ಪ್ರಿವಿ ಪರ್ಸ್ ಎಂಬ ಹೆಸರು. ಕನ್ನಡ ಪತ್ರಿಕೆಗಳು ರಾಜಧನ ಎಂದವು.

ಕನ್ನಡ ನಾಡಿಗೆ ಈ ವಿಲೀನದ ಅಲೆ ಮೂರು ತಿಂಗಳಲ್ಲಿ ಬಂತು. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಸಂಸ್ಥಾನಗಳು ದಖನ್ನಿನ ಇತರ ಸಂಸ್ಥಾನಗಳೊಂದಿಗೆ ಮುಂಬಯಿ ಪ್ರಾಂತಕ್ಕೆ ಸೇರಿದವು. ಘೋರ್ಪಡೆ ಮನೆತನದ ಸಂಡೂರು 1949ರ ಏಪ್ರಿಲ್ 1ರಂದು ಮದರಾಸಿಗೆ ಸೇರಿತು. ಬೆಳಗಾವಿ, ವಿಜಾಪುರ, ಧಾರವಾಡ, ಬಳ್ಳಾರಿ ಜಿಲ್ಲೆಗಳ ನಡುವೆ ದ್ವೀಪಗಳಂತೆ ಉಳಿದಿದ್ದ ಈ ಊರುಗಳಲ್ಲಿ ಅಂದಿನಿಂದ ಕಚೇರಿಯ ಮೊಹರು ಬದಲಾಯಿತು, ಕಂದಾಯ ಕಟ್ಟುವ ಖಜಾನೆ ಬದಲಾಯಿತು. ದೊರೆ ಮಾತ್ರ ವಾಡೆಯಲ್ಲೇ ಉಳಿದ. ವರ್ಷಕ್ಕೆ ಇಷ್ಟು ಎಂದು ಸರ್ಕಾರದಿಂದ ಹಣ ಪಡೆಯುವ ಖಾಸಗಿ ಮನುಷ್ಯನಾಗಿ ಉಳಿದ.

ಮೈಸೂರಿನ ಕಥೆ ಬೇರೆ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು 1947ರ ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರ ಕೊಡಲು ‘ಮೈಸೂರು ಚಲೋ’ ಚಳವಳಿಯೇ ಬೇಕಾಯಿತು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮೈಸೂರು ಯಾವ ಪ್ರಾಂತದಲ್ಲೂ ವಿಲೀನವಾಗದೆ ತಾನೇ ಒಂದು ರಾಜ್ಯವಾಗಿ ಉಳಿಯಿತು, ಮಹಾರಾಜರು ಅದರ ರಾಜಪ್ರಮುಖರಾದರು. ಕಟಕ್ಕಿನ 10 ಲಕ್ಷದ ಮಿತಿ ಇಂಥ ದೊಡ್ಡ ಸಂಸ್ಥಾನಗಳಿಗೆ ಅನ್ವಯಿಸಲಿಲ್ಲ. ಮೈಸೂರಿಗೆ 26 ಲಕ್ಷ ನಿಗದಿಯಾಯಿತು, ಬರೋಡಕ್ಕೆ ಇಪ್ಪತ್ತಾರೂವರೆ, ಗ್ವಾಲಿಯರ್‌ಗೆ 25, ಜೈಪುರ ಮತ್ತು ತಿರುವಾಂಕೂರಿಗೆ ತಲಾ 18 ಲಕ್ಷ. ಹೈದರಾಬಾದಿನ ನಿಜಾಮರಿಗೆ ಹಾಲಿ ಸಿಕ್ಕಾದಲ್ಲಿ 50 ಲಕ್ಷ, ಅಂದರೆ ಭಾರತದ ರೂಪಾಯಿಯಲ್ಲಿ ಸುಮಾರು 43 ಲಕ್ಷ. ಪಟ್ಟಿಯ ಇನ್ನೊಂದು ತುದಿಯಲ್ಲಿ ಸೌರಾಷ್ಟ್ರದ ಕಟೋಡಿಯಾ ಇತ್ತು. ಅಲ್ಲಿನ ದೊರೆಯ ರಾಜಧನ ವರ್ಷಕ್ಕೆ 192 ರೂಪಾಯಿ, ತಿಂಗಳಿಗೆ ಹದಿನಾರು. ನಿಜಾಮರೂ ಕಟೋಡಿಯಾದವರೂ ಸಂವಿಧಾನದ ಒಂದೇ ವಿಧಿಯ ಕೆಳಗೆ ಸಮಾನ ‘ರೂಲರ್’ಗಳಾಗಿದ್ದರು.

ಗದ್ದುಗೆ ಬಿಟ್ಟ ದೊರೆಗೆ ಪ್ರಜೆಗಳ ತೆರಿಗೆಯಿಂದ ಜೀವನಾಂಶ ಕೊಡುವ ಕ್ರಮ ಪಟೇಲರ ಕಾಲದಲ್ಲಿ ಹುಟ್ಟಿದ್ದಲ್ಲ. ಕನ್ನಡ ನಾಡಿಗಂತೂ ಅದು ಚೆನ್ನಾಗಿಯೇ ಗೊತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಈಸ್ಟ್ ಇಂಡಿಯಾ ಕಂಪನಿ ವೆಲ್ಲೂರಿನ ಕೋಟೆಯಲ್ಲಿಟ್ಟು ಪಿಂಚಣಿ ಕೊಟ್ಟಿತು. 1806ರಲ್ಲಿ ಅಲ್ಲಿ ಸಿಪಾಯಿಗಳು ಬಂಡೆದ್ದಾಗ ಅದೇ ಪಿಂಚಣಿಯ ಮನೆತನವನ್ನು ದೂರದ ಕಲ್ಕತ್ತೆಗೆ ಸಾಗಿಸಿತು. 1831ರಲ್ಲಿ ನಗರದ ರೈತರ ದಂಗೆಯನ್ನು ಕಾರಣ ಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬೆಂಟಿಂಕ್ ಆಡಳಿತ ಕಿತ್ತುಕೊಂಡಾಗ, ಅವರಿಗೆ ವರ್ಷಕ್ಕೆ 1 ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದ ಐದನೇ ಒಂದು ಪಾಲು ನಿಗದಿಯಾಯಿತು. ಮುಮ್ಮಡಿಯವರು ಬದುಕಿದ್ದು ಇನ್ನೂ ಮೂವತ್ತೇಳು ವರ್ಷ. ಅಷ್ಟೂ ಕಾಲ ಅಧಿಕಾರವಿಲ್ಲದ ಅರಸರಾಗಿ ಮೈಸೂರಿನ ಅರಮನೆಯಲ್ಲಿ ಪಂಡಿತರನ್ನೂ ಸಂಗೀತಗಾರರನ್ನೂ ಸಾಕಿದರು, ಗ್ರಂಥಗಳನ್ನು ಬರೆಸಿದರು, ರಾಜ್ಯವನ್ನು ಹಿಂದಿರುಗಿಸಿ ಎಂದು ಕಂಪನಿಗೂ ಆಮೇಲೆ ರಾಣಿಯ ಸರ್ಕಾರಕ್ಕೂ ಅರ್ಜಿ ಬರೆಯುತ್ತಲೇ ಇದ್ದರು. ಅವರು ತೀರಿಕೊಂಡ 1868ರಲ್ಲೂ ರಾಜ್ಯ ಕಮಿಷನರ ಕೈಯಲ್ಲೇ ಇತ್ತು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಇನ್ನೊಂದು ಪಿಂಚಣಿಯ ಕಥೆ ರಕ್ತದಲ್ಲಿ ಮುಗಿಯಿತು. 1818ರಲ್ಲಿ ಸೋತ ಎರಡನೇ ಬಾಜೀರಾಯ ಪೇಶ್ವೆಗೆ ಕಂಪನಿ ವರ್ಷಕ್ಕೆ 8 ಲಕ್ಷ ರೂಪಾಯಿ ಕೊಟ್ಟು ಬಿಠೂರಿನಲ್ಲಿ ಇರಿಸಿತ್ತು. 1851ರಲ್ಲಿ ಆತ ಸತ್ತಾಗ, ಇದು ವ್ಯಕ್ತಿಗೆ ಕೊಟ್ಟದ್ದು, ಮನೆತನಕ್ಕಲ್ಲ ಎಂದು ಡಾಲ್‌ಹೌಸಿ ಹಣ ನಿಲ್ಲಿಸಿದ. ದತ್ತುಮಗ ನಾನಾಸಾಹೇಬ ಲಂಡನ್ನಿಗೂ ದೂತನನ್ನು ಕಳಿಸಿ ಸೋತ, 1857ರಲ್ಲಿ ಕಾನಪುರದಲ್ಲಿ ಬಂಡಾಯದ ನಾಯಕನಾದ. ಪಿಂಚಣಿ ನಿಂತದ್ದೊಂದೇ ಆ ಮಹಾ ಬಂಡಾಯಕ್ಕೆ ಕಾರಣವಲ್ಲ, ನಿಜ. ಆದರೆ ಅಧಿಕಾರ ಕಳೆದುಕೊಂಡವನಿಗೆ ಕೊಟ್ಟ ಮಾತನ್ನು ಹೇಗೆ ಮುರಿಯುತ್ತೇವೆ ಎಂಬುದು ಕೇವಲ ಖಜಾನೆಯ ಲೆಕ್ಕವಲ್ಲ ಎಂದು ಪಟೇಲರ ಪೀಳಿಗೆಗೆ ಈ ಇತಿಹಾಸದಿಂದ ತಿಳಿದಿತ್ತು. ಅದಕ್ಕೇ ಅವರು ರಾಜಧನವನ್ನು ಸರ್ಕಾರದ ಆದೇಶವೊಂದಕ್ಕೆ ಬಿಡದೆ ಸಂವಿಧಾನದೊಳಗೇ ಬರೆಸಿದರು.

ಹಾಗೆ ಬರೆದದ್ದು ನಾಲ್ಕು ಕಡೆ. 291ನೇ ವಿಧಿ ಹಣದ ಭರವಸೆ ಕೊಟ್ಟಿತು: ಭಾರತದ ಸಂಚಿತ ನಿಧಿಯಿಂದ ಪಾವತಿ, ಆದಾಯ ತೆರಿಗೆ ಇಲ್ಲ, ಪ್ರತಿವರ್ಷ ಸಂಸತ್ತಿನಲ್ಲಿ ಮತಕ್ಕೆ ಹಾಕುವ ಅಗತ್ಯವೂ ಇಲ್ಲ. ದೊರೆಗಳ ಸ್ವಂತ ಹಕ್ಕು, ಗೌರವಗಳಿಗೆ ಬೆಲೆ ಕೊಡಬೇಕೆಂದು 362 ಹೇಳಿತು. ಹಳೆಯ ಒಪ್ಪಂದಗಳ ಜಗಳವನ್ನು ಕೋರ್ಟಿಗೆ ಒಯ್ಯುವಂತಿಲ್ಲ ಎಂದು 363 ಅಂದಿತು. ರಾಷ್ಟ್ರಪತಿ ಯಾರನ್ನು ದೊರೆ ಎಂದು ಮಾನ್ಯ ಮಾಡುತ್ತಾರೋ ಅವರೇ ದೊರೆ ಎಂಬ ವ್ಯಾಖ್ಯೆ 366ನೇ ವಿಧಿಯ 22ನೇ ಉಪವಿಧಿಯಲ್ಲಿ ಬಂತು. ಮುಂದೆ ಎಲ್ಲ ಗದ್ದಲವೂ ಎದ್ದದ್ದು ಈ ಪುಟ್ಟ ವ್ಯಾಖ್ಯೆಯಿಂದ.

ಹಣದ ಜೊತೆಗೆ ಸವಲತ್ತುಗಳೂ ಇದ್ದವು. ದೊರೆಗಳ ಕಾರುಗಳಿಗೆ ಕೆಂಪು ನಂಬರ್ ಫಲಕ. ಸ್ವಂತ ಬಾವುಟ. ದರ್ಜೆಗೆ ತಕ್ಕಷ್ಟು ಕುಶಾಲ ತೋಪು. ಬಂದೂಕಿನ ಲೈಸೆನ್ಸಿನ ಕಟ್ಟಳೆಯಿಂದ ವಿನಾಯಿತಿ. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಅವರ ಮೇಲೆ ಸಿವಿಲ್ ದಾವೆ ಹೂಡುವಂತಿರಲಿಲ್ಲ. ಸಾಲ ಕೊಟ್ಟ ವ್ಯಾಪಾರಿಯೊಬ್ಬ ತನ್ನ ಹಣ ಕೇಳಿ ನ್ಯಾಯಾಲಯಕ್ಕೆ ಹೋಗಬೇಕಾದರೆ ಮೊದಲು ದಿಲ್ಲಿಯ ಅನುಮತಿ ಪಡೆಯಬೇಕು. ನನ್ನ ಮಟ್ಟಿಗೆ 26 ಲಕ್ಷಕ್ಕಿಂತ, 43 ಲಕ್ಷಕ್ಕಿಂತ ಹೆಚ್ಚು ಚುಚ್ಚುವುದು ಇದೇ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು 14ನೇ ವಿಧಿಯಲ್ಲಿ ಬರೆದುಕೊಂಡ ಗಣರಾಜ್ಯ, ಸುಮಾರು ಮುನ್ನೂರು ಮನೆತನಗಳನ್ನು ಆ ಸಾಲಿನಿಂದ ಹೊರಗಿಟ್ಟಿತ್ತು.

ಪಟೇಲರ ವಾದ ಹಗುರವಾದದ್ದೇನೂ ಆಗಿರಲಿಲ್ಲ. 1949ರ ಅಕ್ಟೋಬರ್ 12ರಂದು ಸಂವಿಧಾನ ಸಭೆಯ ಮುಂದೆ ಬಂದ ಅವರ ಹೇಳಿಕೆಯ ಸಾರ ಇಷ್ಟು: ದೊರೆಗಳು ಬಿಟ್ಟುಕೊಟ್ಟದ್ದಕ್ಕೆ ಹೋಲಿಸಿದರೆ ನಾವು ಕೊಡುತ್ತಿರುವುದು ಅಲ್ಪ, ಒಂದು ಹನಿ ರಕ್ತ ಚೆಲ್ಲದೆ ಆದ ಕ್ರಾಂತಿಗೆ ತೆತ್ತ ಬೆಲೆ ಇದು, ಅವರು ತಮ್ಮ ಪಾಲಿನ ಮಾತು ನಡೆಸಿದ್ದಾರೆ, ನಾವು ನಮ್ಮದನ್ನು ನಡೆಸಬೇಕು. ಮೆನನ್ ಆಮೇಲೆ ತಮ್ಮ ಪುಸ್ತಕದಲ್ಲಿ ಲೆಕ್ಕವನ್ನೂ ಕೊಟ್ಟರು. ಸಂಸ್ಥಾನಗಳಿಂದ ಭಾರತಕ್ಕೆ ಬಂದ ನಗದು ಮತ್ತು ಹೂಡಿಕೆಯೇ 77 ಕೋಟಿ, ಜೊತೆಗೆ ಸಾವಿರಾರು ಮೈಲು ರೈಲುದಾರಿ. ಕೊಡುವ ರಾಜಧನ ವರ್ಷಕ್ಕೆ ಐದಾರು ಕೋಟಿ. ನಿವೃತ್ತರಾದ ಮೇಲೆ ಮೆನನ್ ಬೆಂಗಳೂರಿಗೆ ಬಂದು ನೆಲೆಸಿದ್ದರು. 1965ರ ಕೊನೆಯ ದಿನ ಇಲ್ಲೇ ತೀರಿಕೊಂಡರು. ತಾವು ಸಹಿ ಹಾಕಿಸಿದ ಒಪ್ಪಂದಗಳು ಒಡೆಯುವುದನ್ನು ನೋಡಲು ಅವರು ಉಳಿಯಲಿಲ್ಲ.

ಆ ವಾದಕ್ಕೆ ಒಂದು ಎದುರು ಮಾತಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಆ 77 ಕೋಟಿ ದೊರೆಗಳ ದುಡಿಮೆಯದಾಗಿರಲಿಲ್ಲ. ಅದು ಸಂಸ್ಥಾನಗಳ ರೈತರು ಕಟ್ಟಿದ ಕಂದಾಯ, ಸಂತೆಯಲ್ಲಿ ಕೊಟ್ಟ ಸುಂಕ. ಜನರ ಹಣವನ್ನು ಜನರಿಗೆ ಒಪ್ಪಿಸಿದ್ದನ್ನು ತ್ಯಾಗವೆಂದು ಕರೆದು, ಅದಕ್ಕೆ ಪ್ರತಿಫಲವನ್ನು ಮತ್ತೆ ಜನರಿಂದಲೇ ವಸೂಲು ಮಾಡಿದಂತಾಯಿತು. ಪಟೇಲರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಐನೂರಕ್ಕೂ ಮೀರಿದ ಸಂಸ್ಥಾನಗಳನ್ನು ತಿಂಗಳುಗಳಲ್ಲಿ ಒಟ್ಟುಗೂಡಿಸಬೇಕಾದ ಮನುಷ್ಯ ಆ ಹೊತ್ತಿಗೆ ಸಾಧ್ಯವಿದ್ದ ದಾರಿ ಹಿಡಿದರು. ಒಪ್ಪಂದ ಆ ಕಾಲಕ್ಕೆ ಸರಿಯಿತ್ತು. ಅದಕ್ಕೆ ಮುಕ್ತಾಯದ ದಿನವೊಂದನ್ನು ಬರೆಯದೇ ಹೋದದ್ದು ತಪ್ಪಾಯಿತು. ರಾಷ್ಟ್ರಪತಿಗಳ ವೇತನ ಮತ್ತು ಪಿಂಚಣಿಗೆಂದು ಸಂಸತ್ತು 1951ರಲ್ಲೇ ಒಂದು ಕಾಯ್ದೆ ಮಾಡಿತ್ತು. ಆ ಪಿಂಚಣಿ ಹುದ್ದೆಯಲ್ಲಿ ದುಡಿದವರಿಗೆ ಕೊಡುವಂಥದ್ದು, ಮಕ್ಕಳಿಗೆ ಇಳಿಯುವ ಆಸ್ತಿಯಲ್ಲ. ಎಷ್ಟು ಕೊಡಬೇಕೆಂದು ಸಂಸತ್ತು ಬೇಕಾದಾಗ ಚರ್ಚಿಸಿ ಬದಲಿಸಬಹುದು, ಬದಲಿಸುತ್ತಲೂ ಬಂದಿದೆ. ರಾಜಧನಕ್ಕೆ ಈ ಎರಡು ಗುಣಗಳೂ ಇರಲಿಲ್ಲ.

ಐವತ್ತರ ದಶಕದಲ್ಲಿ ನೆಹರೂ ದೊರೆಗಳಿಗೆ ಪತ್ರ ಬರೆದು, ನೀವಾಗಿಯೇ ಒಂದಿಷ್ಟು ಕಡಿಮೆ ಮಾಡಿಕೊಳ್ಳಿ ಎಂದು ಕೋರಿದರು. ಹೆಚ್ಚಿನವರು ಕಿವಿಗೊಡಲಿಲ್ಲ. ಆಮೇಲೆ ಕಾಶ್ಮೀರದ ಕರಣ್ ಸಿಂಗ್ ತಮ್ಮ ಪಾಲನ್ನು ತಾವಾಗಿ ಬಿಟ್ಟುಕೊಟ್ಟದ್ದುಂಟು, ಅಂಥವರು ವಿರಳ. ಈ ನಡುವೆ ದೊರೆಗಳು ಚುನಾವಣೆಯ ಕಣಕ್ಕೆ ಇಳಿದರು. ಕಾಂಗ್ರೆಸ್ಸಿನಲ್ಲಿದ್ದರು, ಸ್ವತಂತ್ರ ಪಕ್ಷದಲ್ಲಿದ್ದರು, ಜನಸಂಘದಲ್ಲಿದ್ದರು. ಜೈಪುರದ ಗಾಯತ್ರಿ ದೇವಿ ಸ್ವತಂತ್ರ ಪಕ್ಷದಿಂದ ಭಾರಿ ಅಂತರದಲ್ಲಿ ಗೆದ್ದರು. 1967ರಲ್ಲಿ ಗ್ವಾಲಿಯರ್‌ನ ವಿಜಯರಾಜೇ ಸಿಂಧಿಯಾ ಕಾಂಗ್ರೆಸ್ ಬಿಟ್ಟು ಮಧ್ಯಪ್ರದೇಶದ ಡಿ.ಪಿ. ಮಿಶ್ರಾ ಸರ್ಕಾರವನ್ನೇ ಕೆಡವಿದರು. ಸರ್ಕಾರದ ಹಣ ಪಡೆಯುತ್ತಲೇ ಸರ್ಕಾರ ಉರುಳಿಸುತ್ತಾರೆ ಎಂಬ ಸಿಟ್ಟು ಕಾಂಗ್ರೆಸ್ಸಿನ ಯುವ ಪಾಳೆಯದಲ್ಲಿ ಹೊಗೆಯಾಡುತ್ತಿತ್ತು. ಅದೇ ವರ್ಷದ ಜೂನಿನಲ್ಲಿ ದಿಲ್ಲಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯಲ್ಲಿ ರಾಜಧನವನ್ನೂ ಸವಲತ್ತುಗಳನ್ನೂ ತೆಗೆಯಬೇಕೆಂಬ ನಿರ್ಣಯ ಗೆದ್ದಿತು. ಗೃಹಮಂತ್ರಿ ವೈ.ಬಿ. ಚವಾಣ್ ದೊರೆಗಳ ಕೂಟದೊಂದಿಗೆ ಮಾತುಕತೆಗೆ ಕುಳಿತರು. ಧ್ರಾಂಗಧ್ರದ ಮಹಾರಾಜರು ದೊರೆಗಳ ಪರವಾಗಿ ಪಟ್ಟು ಸಡಿಲಿಸಲಿಲ್ಲ. ಅಲ್ಲಿಂದ ಎರಡು ವರ್ಷಗಳಲ್ಲಿ ಕಾಂಗ್ರೆಸ್ಸೇ ಎರಡು ಹೋಳಾಯಿತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ 1969ರ ಜುಲೈನಲ್ಲಿ ನಡೆದ ಅಧಿವೇಶನದಲ್ಲಿ ಬಿರುಕು ಬಯಲಿಗೆ ಬಿತ್ತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಅದೇ ತಿಂಗಳು ಇಂದಿರಾ ಗಾಂಧಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ರಾಜಧನದ ಸರದಿ ಬರುವುದು ಖಚಿತವಾಗಿತ್ತು.

1970ರ ಮೇ ತಿಂಗಳಲ್ಲಿ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಸೆಪ್ಟೆಂಬರ್ 2ರಂದು ಪರ 332, ವಿರುದ್ಧ 154 ಮತಗಳಿಂದ ಅಲ್ಲಿ ಗೆದ್ದಿತು. ಮೂರು ದಿನ ಬಿಟ್ಟು ರಾಜ್ಯಸಭೆ. ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. ಪರವಾಗಿ 149 ಬಂದವು, ವಿರುದ್ಧವಾಗಿ 75. ಒಟ್ಟು 224. ಅದರ ಮೂರನೇ ಎರಡು ಪಾಲೆಂದರೆ 149 ಮತ್ತು ಮೂರನೇ ಒಂದು. ಮನುಷ್ಯರ ಮತಕ್ಕೆ ಮೂರನೇ ಒಂದು ಎಂಬುದಿಲ್ಲ, 150 ಇದ್ದರೆ ಮಾತ್ರ ಗೆಲುವು. ಮಸೂದೆ ಬಿತ್ತು.

ಬಿದ್ದ ಮಸೂದೆಯನ್ನು ಅಲ್ಲಿಗೇ ಬಿಟ್ಟು ಜನರ ಬಳಿಗೆ ಹೋಗಬಹುದಿತ್ತು. ಮಂತ್ರಿಮಂಡಲ ಹಾಗೆ ಮಾಡಲಿಲ್ಲ. ಅಂದೇ ರಾತ್ರಿ ಸಭೆ ಸೇರಿತು. ರಾಷ್ಟ್ರಪತಿ ವಿ.ವಿ. ಗಿರಿ ಹೈದರಾಬಾದಿನಲ್ಲಿದ್ದರು. ಕಾಗದ ಅಲ್ಲಿಗೆ ಹೋಯಿತು, ಗಿರಿ ಸಹಿ ಹಾಕಿದರು. 366ನೇ ವಿಧಿಯ ಆ 22ನೇ ಉಪವಿಧಿಯಲ್ಲಿ ದೊರೆಯನ್ನು ಮಾನ್ಯ ಮಾಡುವ ಅಧಿಕಾರ ರಾಷ್ಟ್ರಪತಿಗಿದೆ, ಹಾಗಾದರೆ ಮಾನ್ಯತೆ ಹಿಂಪಡೆಯುವ ಅಧಿಕಾರವೂ ಇದೆ. ಇದು ಸರ್ಕಾರ ಕಂಡುಕೊಂಡ ದಾರಿ. ಸೆಪ್ಟೆಂಬರ್ 6ರ ದಿನಾಂಕ ಹೊತ್ತ ಆದೇಶಗಳು ದೇಶದ ಎಲ್ಲ ದೊರೆಗಳಿಗೂ ಹೋದವು. ಎಲ್ಲದರ ಒಕ್ಕಣೆಯೂ ಒಂದೇ, ಹೆಸರು ಮಾತ್ರ ಬೇರೆ. ಈ ದಿನದಿಂದ ತಮ್ಮನ್ನು ದೊರೆಯೆಂದು ಮಾನ್ಯ ಮಾಡಲಾಗುವುದಿಲ್ಲ ಎಂಬ ಆ ಕಾಗದದಲ್ಲೂ ‘ಹಿಸ್ ಹೈನೆಸ್’ ಎಂಬ ಸಂಬೋಧನೆ, ಹಳೆಯ ಬಿರುದುಗಳು ಎಲ್ಲವೂ ಹಾಗೇ ಇದ್ದವು. ಸಂಸತ್ತು ಒಪ್ಪದ್ದನ್ನು ರಾಷ್ಟ್ರಪತಿಯ ಲೇಖನಿಯಿಂದ ಮಾಡಿಸಲಾಯಿತು. ರಾಜಧನ ಹೋಗಬೇಕಿತ್ತು ಎಂದು ನಂಬುವ ನಾನು ಆ ರಾತ್ರಿಯ ಕೆಲಸವನ್ನು ಸಮರ್ಥಿಸಲಾರೆ. ಇವತ್ತು ಅರಸರ ಹಣಕ್ಕೆ ಬಳಸಿದ ಅಡ್ಡದಾರಿ ನಾಳೆ ಯಾರ ಹಕ್ಕಿಗೂ ಬಳಕೆಯಾಗಬಹುದು.

ದೊರೆಗಳು ಸುಪ್ರೀಂ ಕೋರ್ಟಿಗೆ ಹೋದರು. ಗ್ವಾಲಿಯರ್‌ನ ಮಾಧವರಾವ್ ಸಿಂಧಿಯಾ ಹೆಸರಿನಲ್ಲಿ ಆ ಪ್ರಕರಣ ಉಳಿದಿದೆ. ಅವರ ಪರ ನಾನಿ ಪಾಲ್ಖಿವಾಲಾ ವಾದಿಸಿದರು. ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೂತಿತು, ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಪೀಠದಲ್ಲಿ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆ ಅವರೂ ಇದ್ದರು. ಇದು ಹಳೆಯ ಒಪ್ಪಂದಗಳ ಜಗಳ, 363ನೇ ವಿಧಿ ಕೋರ್ಟಿನ ಬಾಗಿಲು ಮುಚ್ಚಿದೆ ಎಂದು ಸರ್ಕಾರ ವಾದಿಸಿತು. ತೀರ್ಪು 1970ರ ಡಿಸೆಂಬರ್ 15ರಂದು ಬಂತು. ಪಟೇಲರು ತೀರಿಹೋಗಿ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಒಂಬತ್ತು ನ್ಯಾಯಮೂರ್ತಿಗಳು ಆದೇಶವನ್ನು ರದ್ದು ಮಾಡಿದರು, ಇಬ್ಬರು ಭಿನ್ನಮತ ಬರೆದರು. ಬಹುಮತದ ಮುಖ್ಯ ತೀರ್ಪು ನ್ಯಾಯಮೂರ್ತಿ ಜೆ.ಸಿ. ಶಾ ಅವರದು. ಬ್ರಿಟಿಷ್ ಸಾಮ್ರಾಟನಿಗೆ ದೊರೆಗಳ ಮೇಲಿದ್ದ ಪರಮಾಧಿಕಾರ ರಾಷ್ಟ್ರಪತಿಗೆ ಬಂದಿಲ್ಲ. ರಾಷ್ಟ್ರಪತಿಯ ಅಧಿಕಾರ ಸಂವಿಧಾನದಿಂದ ಹುಟ್ಟಿದ್ದು, ಅದೇ ಸಂವಿಧಾನ ಕೊಟ್ಟ ಭರವಸೆಯನ್ನು ಅದರಿಂದಲೇ ಅಳಿಸಲಾಗದು. ಯಾರು ದೊರೆ ಎಂದು ಗುರುತಿಸುವ ಅಧಿಕಾರವೆಂದರೆ ದೊರೆತನವನ್ನೇ ಇಲ್ಲವಾಗಿಸುವ ಅಧಿಕಾರವಲ್ಲ. ತೀರ್ಪಿನ ತಿರುಳು ಇದು. ಈ ತೀರ್ಪಿನ ಬಹುಮತದಲ್ಲಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ 1973ರಲ್ಲಿ, ಕೇಶವಾನಂದ ಭಾರತಿ ತೀರ್ಪಿನ ಬೆನ್ನಿಗೇ, ಹಿಂದಿಕ್ಕಿ ಸರ್ಕಾರ ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದ್ದು ಇಲ್ಲಿ ಭಿನ್ನಮತ ಬರೆದ ಎ.ಎನ್. ರೇ ಅವರನ್ನು. ಹೆಗ್ಡೆ ರಾಜೀನಾಮೆ ಕೊಟ್ಟು ಹೊರಬಂದರು, ತುರ್ತುಪರಿಸ್ಥಿತಿಯ ನಂತರ ಲೋಕಸಭೆಯ ಸ್ಪೀಕರ್ ಆದರು.

ತೀರ್ಪು ಬಂದ ಹನ್ನೆರಡೇ ದಿನಕ್ಕೆ ಇಂದಿರಾ ಗಾಂಧಿ ಲೋಕಸಭೆ ವಿಸರ್ಜಿಸಿ ಚುನಾವಣೆಗೆ ಹೋದರು. ಈ ನಡೆ ಸರಿಯಾದದ್ದು. ‘ಗರೀಬಿ ಹಟಾವೊ’ ಎಂಬ ಕೂಗಿನ ಜೊತೆಗೆ ಬ್ಯಾಂಕು ರಾಷ್ಟ್ರೀಕರಣ ಮತ್ತು ರಾಜಧನದ ಪ್ರಶ್ನೆಗಳನ್ನೂ ಜನರ ಮುಂದಿಟ್ಟರು. 1971ರ ಮಾರ್ಚ್‌ನಲ್ಲಿ ಅವರ ಕಾಂಗ್ರೆಸ್ಸಿಗೆ 352 ಸ್ಥಾನ ಬಂದವು. ಮೈಸೂರು ರಾಜ್ಯದ 27ಕ್ಕೆ 27 ಕ್ಷೇತ್ರಗಳೂ ಅವರ ಪಾಲಾದವು, ಮಹಾರಾಜರ ಹಳೆಯ ಮೈಸೂರು ಸೀಮೆಯೂ ಸೇರಿ. ಮಹಾರಾಜರ ಮೇಲೆ ಆ ಸೀಮೆಯ ಜನಕ್ಕಿದ್ದ ಪ್ರೀತಿ ಕಡಿಮೆಯಾಗಿತ್ತೆಂದು ಇದರರ್ಥವಲ್ಲ. ಕೆ.ಆರ್.ಎಸ್. ಅಣೆಕಟ್ಟನ್ನೂ ಅದಕ್ಕೆ ಕಾರಣರಾದ ನಾಲ್ವಡಿಯವರನ್ನೂ ಅವರು ಮರೆತಿರಲಿಲ್ಲ. ಪ್ರೀತಿ ಬೇರೆ, ತಮ್ಮ ತೆರಿಗೆಯಿಂದ 26 ಲಕ್ಷ ಕೊಡಬೇಕೋ ಎಂಬುದು ಬೇರೆ. ಮಂಡ್ಯ, ಮೈಸೂರು ಕಡೆಯ ಮತದಾರ ಈ ಎರಡನ್ನೂ ಬಿಡಿಸಿ ನೋಡಿದ. ಹರಿಯಾಣದ ಗುಡಗಾಂವ್‌ನಲ್ಲಿ ದೇಶವೆಲ್ಲ ಪ್ರೀತಿಸುತ್ತಿದ್ದ ಕ್ರಿಕೆಟ್ ನಾಯಕ, ಪಟೌಡಿಯ ನವಾಬ ಮನ್ಸೂರ್ ಅಲಿ ಖಾನ್ ಚುನಾವಣೆಗೆ ನಿಂತು ಸೋತರು.

ಆ ಬಹುಮತದಿಂದ ಕೆಲಸ ಮುಗಿಯಿತು. 26ನೇ ತಿದ್ದುಪಡಿ ಮಸೂದೆ 1971ರ ಡಿಸೆಂಬರ್ 2ರಂದು ಲೋಕಸಭೆಯಲ್ಲಿ ಅಂಗೀಕಾರವಾಯಿತು. ಮರುದಿನ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಬಾಂಗ್ಲಾದ ಗಡಿಯ ಸುದ್ದಿಗೆ ಇಡೀ ದೇಶ ರೇಡಿಯೋ ಸುತ್ತ ಕೂತಿದ್ದಾಗ, ಡಿಸೆಂಬರ್ 9ರಂದು, ರಾಜ್ಯಸಭೆಯೂ ಒಪ್ಪಿತು. ಹದಿನೈದು ತಿಂಗಳ ಹಿಂದೆ ಮೂರನೇ ಒಂದು ಮತಕ್ಕೆ ಬಿದ್ದಿದ್ದ ಸದನದಲ್ಲಿ ಈ ಸಲ ವಿರೋಧಿಸಿದವರು ಬೆರಳೆಣಿಕೆಯಷ್ಟು. ಡಿಸೆಂಬರ್ 28ಕ್ಕೆ ಗಿರಿಯವರ ಅಂಕಿತ ಬಿತ್ತು. 291 ಮತ್ತು 362ನೇ ವಿಧಿಗಳು ಸಂವಿಧಾನದಿಂದ ಹೋದವು, 363ಎ ಎಂಬ ಹೊಸ ವಿಧಿ ಬಂದು ದೊರೆತನದ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗೊಳಿಸಿತು. ಉಳಿದ ಸವಲತ್ತುಗಳನ್ನು ತೆಗೆಯಲು 1972ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾರುಗಳ ಕೆಂಪು ಫಲಕ ಇಳಿಯಿತು.

ಉಳಿಸಿದ ಹಣವೆಷ್ಟು? ರದ್ದಾಗುವ ಹೊತ್ತಿಗೆ ರಾಜಧನ ವರ್ಷಕ್ಕೆ ಐದು ಕೋಟಿಯ ಆಸುಪಾಸಿತ್ತು. ದೇಶದ ಬಜೆಟ್ಟಿನಲ್ಲಿ ಅದು ಲೆಕ್ಕಕ್ಕೇ ಬಾರದ ಮೊತ್ತ. ರೂಪಾಯಿಯಲ್ಲಿ ಸ್ಥಿರವಾಗಿ ನಿಗದಿಯಾಗಿದ್ದ ಹಣವಾದ್ದರಿಂದ ಬೆಲೆ ಏರಿದಂತೆಲ್ಲ ಅದರ ಕಸುವು ತಾನಾಗಿ ಕರಗುತ್ತಿತ್ತು. ಮುಮ್ಮಡಿಯವರಿಗೆ ಆದಾಯದ ಐದನೇ ಪಾಲೆಂದು ಬರೆದುಕೊಟ್ಟಿದ್ದರಿಂದ ರಾಜ್ಯ ಬೆಳೆದಂತೆ ಅವರ ಪಾಲೂ ಬೆಳೆಯಬಹುದಿತ್ತು. ಅವರ ವಂಶಜರಿಗೆ ಆ ಅನುಕೂಲ ಇರಲಿಲ್ಲ. ಅಲ್ಲದೆ 10 ಲಕ್ಷ ಮೀರಿದ ದೊಡ್ಡ ಮೊತ್ತಗಳು ಪೀಳಿಗೆ ಬದಲಾದಾಗ ಇಳಿಯುವಂತೆ ಮೊದಲೇ ಏರ್ಪಾಡಾಗಿತ್ತು. 1967ರಲ್ಲಿ ನಿಜಾಮ ಉಸ್ಮಾನ್ ಅಲಿ ಖಾನ್ ತೀರಿಕೊಂಡಾಗ ಮೊಮ್ಮಗನಿಗೆ ಬಂದದ್ದು 20 ಲಕ್ಷ. ಹಣದ ದೃಷ್ಟಿಯಿಂದ ಇಷ್ಟು ದೊಡ್ಡ ಹೋರಾಟ ಬೇಕಿರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಟ್ಟಿನ ಕಾರಣಕ್ಕೇ ಒಬ್ಬನಿಗೆ ಸರ್ಕಾರ ಹಣ ಕೊಡುವುದು, ಅವನ ಮೇಲೆ ದಾವೆ ಹೂಡದಂತೆ ತಡೆಯುವುದು ಒಂದು ರೂಪಾಯಿಯ ಪ್ರಶ್ನೆಯಾಗಿದ್ದರೂ ಹೋಗಬೇಕಾದದ್ದೇ.

ಆದರೆ ಈ ಹಣದ ಹಿಂದೆ ಬರೀ ದೊರೆಗಳಿರಲಿಲ್ಲ. ಮಾವುತರು, ಅಡುಗೆಯವರು, ಆಸ್ಥಾನದ ಸಂಗೀತಗಾರರು, ಲೆಕ್ಕಪತ್ರದ ಗುಮಾಸ್ತರು, ಅರಮನೆಯ ಗುಡಿಗಳ ಪರಿಚಾರಕರು ಅದೇ ಬೊಕ್ಕಸದಿಂದ ಸಂಬಳ ಪಡೆಯುತ್ತಿದ್ದರು. ಸಂಸತ್ತಿನ ಚರ್ಚೆಯಲ್ಲಿ ದೊರೆಗಳ ಹಕ್ಕು, ಪ್ರಜೆಗಳ ಹಕ್ಕು, ಪಟೇಲರ ಮಾತು ಎಲ್ಲವೂ ಕೇಳಿಬಂದವು. ಅರಮನೆಯ ಹಜಾರ ಗುಡಿಸುತ್ತಿದ್ದವರ ಮಾತು ಎಲ್ಲೂ ಕೇಳಿಬರಲಿಲ್ಲ. ರಾಜಧನ ನಿಂತ ಮೇಲೆ ಮೈಸೂರಿನ ದಸರೆಯ ರೂಪವೇ ಬದಲಾಯಿತು. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಂತು, ಉತ್ಸವದ ಖರ್ಚು ರಾಜ್ಯ ಸರ್ಕಾರದ ಲೆಕ್ಕಕ್ಕೆ ಹೋಯಿತು. ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸಂಡೂರಿನ ಮನೆತನದ ಎಂ.ವೈ. ಘೋರ್ಪಡೆ ಅಷ್ಟರಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದರು. ಒಬ್ಬ ಸಂಸ್ಥಾನಿಕರ ಮಗ ಚುನಾವಣೆ ಗೆದ್ದು ಬಂದು ರಾಜ್ಯದ ಆಯವ್ಯಯ ಮಂಡಿಸಿದ್ದು, ಕಟಕ್ಕಿನಲ್ಲಿ ಶುರುವಾದ ಬದಲಾವಣೆಯ ಒಳ್ಳೆಯ ಫಲಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ.

ಕಾನೂನಿನ ಹೋರಾಟ ಇನ್ನೂ ಇಪ್ಪತ್ತು ವರ್ಷ ಎಳೆಯಿತು. ಕುರುಂದವಾಡ ಸಂಸ್ಥಾನದ ರಘುನಾಥರಾವ್ ಗಣಪತರಾವ್ 26ನೇ ತಿದ್ದುಪಡಿಯನ್ನೇ ಪ್ರಶ್ನಿಸಿ 1972ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರೂ 1992ರಲ್ಲಿ ಅರ್ಜಿ ಹಾಕಿದರು. ಅಷ್ಟರಲ್ಲಾಗಲೇ ಅವರು ಮೈಸೂರಿನಿಂದ ಎರಡು ಬಾರಿ ಲೋಕಸಭೆಗೆ ಆಯ್ಕೆಯಾಗಿದ್ದರು. ರಾಜಧನದ ಭರವಸೆ ಸಂವಿಧಾನದ ಮೂಲ ರಚನೆಯ ಭಾಗ, ಅದನ್ನು ಸಂಸತ್ತು ತೆಗೆಯುವಂತಿಲ್ಲ ಎಂಬುದು ವಾದ. 1993ರ ಫೆಬ್ರುವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ವಾದವನ್ನು ತಳ್ಳಿಹಾಕಿತು. ಸಮಾನತೆಯ ಗಣರಾಜ್ಯ ಕಟ್ಟುವ ಸಂಸತ್ತಿಗೆ ಈ ಅಧಿಕಾರವಿದೆ, ತಿದ್ದುಪಡಿ ಸಿಂಧು ಎಂದಿತು. ರಾತ್ರಿಯ ಆದೇಶವನ್ನು ಹೊಡೆದುಹಾಕಿದ ಅದೇ ನ್ಯಾಯಾಲಯ, ಚುನಾವಣೆ ಗೆದ್ದು ಮೂರನೇ ಎರಡು ಬಹುಮತದಿಂದ ಮಾಡಿದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎರಡು ತೀರ್ಪುಗಳೂ ಸರಿ.

ಈ ಇತಿಹಾಸದಲ್ಲಿ ದಿಲ್ಲಿಯ ಪಾಲು ಚೆನ್ನಾಗಿ ದಾಖಲಾಗಿದೆ. ಸಂವಿಧಾನ ಸಭೆಯ ನಡಾವಳಿ, ಮೆನನ್ನರ ಪುಸ್ತಕ, ಕೋರ್ಟಿನ ತೀರ್ಪುಗಳು ಯಾರಿಗೂ ಸಿಗುತ್ತವೆ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನ ವಾಡೆಗಳಲ್ಲಿ ದುಡಿದವರ ಕಥೆ ಹಾಗೆ ಸಿಗುವುದಿಲ್ಲ. ಆ ಕಾಲ ಕಂಡ ಹಿರಿಯರು ಈಗ ಬಹಳ ಕಡಿಮೆ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಸಂಸ್ಥಾನದ ಪಗಾರ ಪಟ್ಟಿ, ಹಾಜರಿ ಪುಸ್ತಕ, ನೇಮಕದ ಹುಕುಂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರ ಇಲಾಖೆಗೋ ಕೊಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ವಾಡೆಯ ಸಂಬಳ ಯಾವ ತಿಂಗಳು ನಿಂತಿತು, ಆಮೇಲೆ ಮನೆ ಹೇಗೆ ನಡೆಯಿತು ಎಂದು ಕೇಳಿ ಬರೆದಿಡಿ.